ಮರಣ ನೋಂದಣಿಯಲ್ಲಿ ‘ಮರಣದ ಕಾರಣ’: ಪಾವಗಡ ತಾಲ್ಲೂಕಿನ ಅರ್ಜಿದಾರರಿಗೆ ವಿವರಣೆ

ಮರಣ ನೋಂದಣಿಯ ನಮೂನೆಯಲ್ಲಿ ‘ಮರಣದ ಕಾರಣ’ ಎಂಬ ಕಾಲಂ ಇರುತ್ತದೆ. ಕ್ಷಯದಂತಹ ರೋಗದ ಹೆಸರನ್ನು ಅಲ್ಲಿ ಬರೆಯಿಸಿದರೆ ಮನೆತನಕ್ಕೆ ಕಳಂಕ ಬರಬಹುದು, ಮಕ್ಕಳ ವಿವಾಹಕ್ಕೆ ಅಡ್ಡಿಯಾಗಬಹುದು ಎಂಬ ಅಳುಕು ಕುಟುಂಬದವರಿಗೆ ಸಹಜ. ಆದರೆ ಈ ಮಾಹಿತಿಯನ್ನು ಏಕೆ ಕೇಳಲಾಗುತ್ತದೆ ಎಂಬುದನ್ನು ಅರ್ಜಿದಾರರು ತಿಳಿದಿರುವುದು ಒಳಿತು.

ವಿಕ್ಟೋರಿಯಾ ರಾಣಿಯ ಕಾಲದ ಕೊನೆಯಲ್ಲಿ, 1898ರ ಆಗಸ್ಟ್ ತಿಂಗಳಿನಲ್ಲಿ, ರೈಲು ಮಾರ್ಗವಾಗಿ ಬೆಂಗಳೂರಿಗೆ ಪ್ಲೇಗು ಬಂದಿತು. ಪಾವಗಡವೂ ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ಸರ್ಕಾರವು ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರರನ್ನಾಗಿ ನೇಮಿಸಿತು. ಪ್ರಯಾಣಿಕರ ತಪಾಸಣೆ, ರೋಗಿಗಳನ್ನು ಶಿಬಿರಗಳಿಗೆ ಸಾಗಿಸುವುದು, ಮನೆಗಳನ್ನು ತೆರವುಗೊಳಿಸಿ ಶುದ್ಧೀಕರಿಸುವುದು ಮುಂತಾದ ಕ್ರಮಗಳು ಜಾರಿಗೆ ಬಂದವು. ತಮ್ಮವರನ್ನು ಎಳೆದೊಯ್ಯುವರೆಂಬ ಭಯದಿಂದ ಜನರು ರೋಗಿಗಳನ್ನು ಬಚ್ಚಿಟ್ಟರು; ಸಾವುಗಳನ್ನೂ ಮುಚ್ಚಿಟ್ಟರು. ಶ್ರೀರಂಗಪಟ್ಟಣದ ಸಮೀಪದ ಗಂಜಾಮಿನಲ್ಲಿ ಗಲಭೆಯೇ ನಡೆಯಿತು. ಮುಚ್ಚಿಟ್ಟ ಪ್ರತಿಯೊಂದು ಸಾವಿನೊಡನೆ, ರೋಗವು ಯಾವ ಕೇರಿಯನ್ನು ಹೊಕ್ಕಿದೆ ಎಂಬ ಸುಳಿವೂ ಕೈತಪ್ಪಿತು. ಜನರಲ್ಲಿ ಭಯ ಹುಟ್ಟಿಸಿದ್ದು ಆ ಕ್ರಮಗಳ ಕಠಿಣತೆಯೇ ಎಂಬುದನ್ನೂ ಒಪ್ಪಬೇಕಾಗುತ್ತದೆ.

ಇಲ್ಲಿ ಒಂದು ಮಾತನ್ನು ಹೇಳಬಹುದು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆ ಎಂದು ಸಿಮಂಡ್ ಎಂಬ ಫ್ರೆಂಚ್ ವೈದ್ಯರು 1898ರಲ್ಲಿ ಪ್ರಕಟಿಸಿದರೂ ವಿದ್ವಾಂಸರು ಅದನ್ನು ಒಪ್ಪಲು ವರ್ಷಗಳೇ ಹಿಡಿದವು. ನಮ್ಮ ಹಳ್ಳಿಗರಾದರೋ, ಮನೆಯಲ್ಲಿ ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು.

ಇಂದಿನ ಕಾನೂನಿನಲ್ಲಿ ಅಂದಿನ ಭಯಕ್ಕೆ ಆಸ್ಪದವಿಲ್ಲ. ಜನನ ಮರಣ ನೋಂದಣಿ ಅಧಿನಿಯಮ, 1969ರ 17ನೇ ಪ್ರಕರಣದ ಪ್ರಕಾರ, ಯಾರಿಗೇ ನೀಡುವ ಮರಣ ಪ್ರಮಾಣ ಪತ್ರದಲ್ಲಿಯೂ ಮರಣದ ಕಾರಣವನ್ನು ಬಹಿರಂಗಪಡಿಸುವಂತಿಲ್ಲ. ಬ್ಯಾಂಕ್, ವಿಮೆ ಅಥವಾ ಪೌತಿ ಖಾತೆಗಾಗಿ ಸಲ್ಲಿಸುವ ಪ್ರಮಾಣ ಪತ್ರದಲ್ಲಿ ರೋಗದ ಹೆಸರು ಇರುವುದಿಲ್ಲ. ಆದುದರಿಂದ ವೈದ್ಯರು ತಿಳಿಸಿದ ಕಾರಣವನ್ನು ಇದ್ದಂತೆಯೇ ನಮೂದಿಸಲು ಕೋರಲಾಗಿದೆ. ಚಿಕಿತ್ಸೆ ನೀಡಿದ ವೈದ್ಯರು ಈ ಬಗೆಗಿನ ಪ್ರಮಾಣ ಪತ್ರವನ್ನು ಉಚಿತವಾಗಿ ಕೊಡತಕ್ಕದ್ದು.

ಮರಣವನ್ನು 21 ದಿನಗಳೊಳಗೆ ವರದಿ ಮಾಡಿದಲ್ಲಿ ನೋಂದಣಿಗೆ ಶುಲ್ಕವಿಲ್ಲ. ಒಂದು ವರ್ಷ ಮೀರಿದಲ್ಲಿ ದಂಡಾಧಿಕಾರಿಗಳ ಆದೇಶ ಅಗತ್ಯ.

ಪಾವಗಡವು ಆಂಧ್ರ ಪ್ರದೇಶದ ಗಡಿಯಲ್ಲಿರುವುದರಿಂದ ಇನ್ನೊಂದು ಅಂಶ ಮುಖ್ಯ. ನೋಂದಣಿಯಾಗುವುದು ಮರಣ ಸಂಭವಿಸಿದ ಸ್ಥಳದಲ್ಲಿಯೇ ಹೊರತು ಸ್ವಂತ ಊರಿನಲ್ಲಲ್ಲ. ಹಿಂದೂಪುರ ಅಥವಾ ಅನಂತಪುರದ ಆಸ್ಪತ್ರೆಯಲ್ಲಿ ಮೃತಪಟ್ಟಿದ್ದಲ್ಲಿ ಅಲ್ಲಿಯ ನೋಂದಣಾಧಿಕಾರಿಗಳಿಂದಲೇ ಪ್ರಮಾಣ ಪತ್ರ ಪಡೆಯಬೇಕು.