ದಂತಚಿಕಿತ್ಸೆಯ ತರುವಾಯ ನಿಲ್ಲದ ಮುಖವೇದನೆ: ಅದರ ಕಾರಣಶೋಧನೆ

ಹಲ್ಲನ್ನು ಕಿತ್ತ ಮೇಲೆಯೂ ನೋವು ನಿಲ್ಲದಿದ್ದರೆ ಪಕ್ಕದ ಹಲ್ಲಿನ ಮೇಲೆ ಸಂಶಯ ಹುಟ್ಟುವುದು ಸಹಜವು. ಅದನ್ನೂ ಕೀಳಿಸಿ, ನೋವು ಇದ್ದಂತೆಯೇ ಉಳಿದು, ಮೂರನೆಯದನ್ನೂ ಕಳೆದುಕೊಂಡವರುಂಟು. ನೋವು ತೋರುವ ಸ್ಥಳವೇ ನೋವಿನ ಮೂಲವೆಂದು ಭಾವಿಸುವುದರಿಂದ ನಿರ್ದೋಷವಾದ ಹಲ್ಲುಗಳು ಹೀಗೆ ನಷ್ಟವಾಗುತ್ತವೆ.

ಈ ಭ್ರಾಂತಿಗೆ ಶರೀರರಚನೆಯಲ್ಲಿಯೇ ಆಸ್ಪದವಿದೆ. ಹಣೆ, ಮೇಲ್ದವಡೆ, ಕೆಳದವಡೆಗಳ ಸಂವೇದನೆಯನ್ನು ಮಿದುಳಿಗೆ ಒಯ್ಯುವುದು ಮೂರು ಕವಲುಳ್ಳ ಟ್ರೈಜೆಮಿನಲ್ ಎಂಬ ಒಂದೇ ನರವು. ಕವಲುಗಳ ಸಂವೇದನೆಗಳು ಮಿದುಳಿನ ಕಾಂಡದಲ್ಲಿ ಕೂಡುವುದರಿಂದ, ಕೆಳಹಲ್ಲಿನ ನೋವು ಮೇಲಿನ ಹಲ್ಲಿನಲ್ಲಿಯೂ, ಅಗಿಯುವ ಸ್ನಾಯುವಿನ ನೋವು ಹಲ್ಲಿನಲ್ಲಿಯೂ ತೋರುವುದುಂಟು.

ಆದಕಾರಣ ಮೊದಲು ವಿಚಾರಿಸತಕ್ಕದ್ದು ನೋವಿನ ಸ್ವರೂಪವನ್ನು. ಹಲ್ಲು ಕಿತ್ತ ಎರಡು ಮೂರು ದಿನಗಳಲ್ಲಿ ಉಲ್ಬಣಿಸುವ ನೋವು, ಕುಳಿಯ ಹೆಪ್ಪುರಕ್ತ ಹೋಗಿ ಮೂಳೆ ಬಯಲಾದುದನ್ನು ಸೂಚಿಸಬಹುದು. ಕಚ್ಚಿದಾಗ ಮಾತ್ರ ನೋಯುವುದಾದರೆ ಎತ್ತರವಾದ ತುಂಬಿಕೆಯನ್ನಾಗಲಿ ಬಿರಿದ ಹಲ್ಲನ್ನಾಗಲಿ ಶಂಕಿಸಬೇಕು. ಬೇರಿನ ಚಿಕಿತ್ಸೆಯಾದ ಮೇಲ್ದವಡೆಯ ಮೊದಲನೆಯ ದೊಡ್ಡ ಹಲ್ಲಿನಲ್ಲಿ ನಾಲ್ಕನೆಯ ನಾಳವೊಂದು ಕಣ್ತಪ್ಪಿ ಉಳಿದಿರಬಹುದು. ಸಾಧಾರಣ ಕ್ಷಕಿರಣಚಿತ್ರದಲ್ಲಿ ಮರೆಯಾಗುವ ಇದು ಮೂರು ಆಯಾಮದ ಚಿತ್ರದಲ್ಲಿ ಕಾಣಸಿಗುತ್ತದೆ. ಬಗ್ಗಿದಾಗ ಹೆಚ್ಚುವ ಕೆನ್ನೆಯ ನೋವು ಮೂಗಿನ ಪಕ್ಕದ ಮೂಳೆಗೂಡಿನ ಉರಿಯೂತದಿಂದ ಬಂದಿರಬಹುದು.

ಮರಗಟ್ಟುವಿಕೆಯೊಡನೆ ಸದಾ ಉರಿಯುವ ನೋವು ನರಕ್ಕೆ ತಗಲಿದ ಗಾಯದ ಚಿಹ್ನೆ. ಇದು ಹಲ್ಲು ಕೀಳುವುದರಿಂದ ಗುಣವಾಗದು. ಮುಖ ತೊಳೆದಾಗ, ತುತ್ತು ಅಗಿದಾಗ ಮಿಂಚಿನಂತೆ ಹೊಡೆದು ಕ್ಷಣದಲ್ಲಿ ಮಾಯವಾಗುವುದು ಬೇರೊಂದು ವ್ಯಾಧಿ. ಫ್ರಾನ್ಸಿನ ಆಂದ್ರಿ 1756ರಲ್ಲಿಯೂ, ಲಂಡನ್ನಿನ ಫಾದರ್‌ಗಿಲ್ 1773ರಲ್ಲಿಯೂ ಇದನ್ನು ವರ್ಣಿಸಿದರು. ಅನೇಕರಲ್ಲಿ ರಕ್ತನಾಳವೊಂದು ಈ ನರದ ಬುಡವನ್ನು ಒತ್ತುತ್ತಿರುವುದು ಎಂ.ಆರ್.ಐ. ಚಿತ್ರದಿಂದ ತಿಳಿಯುತ್ತದೆ. 1962ರಿಂದ ಕಾರ್ಬಮಜೆಪೀನ್ ಎಂಬ ಔಷಧವು ಇದಕ್ಕೆ ಬಳಕೆಯಲ್ಲಿದೆ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಅದನ್ನು ಸೇವಿಸಲಾಗದು.

ಸಂದೇಹ ಉಳಿದಲ್ಲಿ ಮತ್ತೊಂದು ಪರೀಕ್ಷೆಯುಂಟು. ಶಂಕಿತ ಹಲ್ಲಿನ ಸುತ್ತ ಅರಿವಳಿಕೆಯ ಚುಚ್ಚುಮದ್ದು ಕೊಟ್ಟರೂ ನೋವು ಶಮನವಾಗದಿದ್ದರೆ, ಮೂಲವು ಬೇರೆಡೆ ಇರುವ ಸಂಭವವೇ ಹೆಚ್ಚು.

ಕೊರಟಗೆರೆ, ಮಧುಗಿರಿಗಳ ರೋಗಿಯು ಇಂತಹ ಶೋಧನೆಗಾಗಿ ತುಮಕೂರಿನ ದಂತ ಮಹಾವಿದ್ಯಾಲಯಕ್ಕೂ, ನರದ ದೋಷವೆನಿಸಿದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೂ ಹೋಗಬೇಕಾಗಬಹುದು. ಒಬ್ಬ ವೈದ್ಯರು ಕಂಡದ್ದು ಮತ್ತೊಬ್ಬರಿಗೆ ತಿಳಿಯದಿದ್ದರೆ ಶೋಧನೆಯು ಪ್ರತಿಸಲವೂ ಮೊದಲಿನಿಂದಲೇ ಆರಂಭವಾಗುತ್ತದೆ. ಆದುದರಿಂದ ಯಾವ ದಿನ ಯಾವ ಹಲ್ಲಿಗೆ ಏನು ಮಾಡಲಾಯಿತು, ನೋವು ಯಾವಾಗ ಮೊದಲಾಯಿತು, ಯಾವುದರಿಂದ ಹೆಚ್ಚುತ್ತದೆ ಎಂಬುದನ್ನು ಬರೆದಿಟ್ಟು, ಹಳೆಯ ಚಿತ್ರಗಳೊಡನೆ ಒಯ್ಯುವುದು ಉಚಿತ. ಬಾವು, ಜ್ವರ, ನುಂಗಲು ಕಷ್ಟ ಇವು ಕಂಡರೆ ತಡಮಾಡಲಾಗದು. ಉಳಿದ ಸಂದರ್ಭಗಳಲ್ಲಿ ಕಾರಣವು ನಿಶ್ಚಯವಾಗುವ ಮುನ್ನ ಇನ್ನೊಂದು ಹಲ್ಲನ್ನು ಕೀಳಿಸದಿರುವುದೇ ವಿವೇಕವು. ಕಿತ್ತ ಹಲ್ಲು ಮತ್ತೆ ಬಾರದು.