ಹರೆಯದ ನಾಯಿ ಯಾಕೆ ಕಡಿಯುತ್ತದೆ?

ನಾಯಿಮರಿಗೆ ಮೊದಲು ಬರುವುದು 28 ಹಾಲುಹಲ್ಲು. ನಾಲ್ಕು ತಿಂಗಳ ಆಸುಪಾಸಿನಲ್ಲಿ ಅವು ಉದುರತೊಡಗಿ, ಏಳು ತಿಂಗಳ ಹೊತ್ತಿಗೆ 42 ಕಾಯಂ ಹಲ್ಲುಗಳು ಬಾಯಿ ತುಂಬುತ್ತವೆ. ಹಲ್ಲು ಬಂದಾಯಿತು, ಇನ್ನು ಕಡಿಯುವುದು ನಿಲ್ಲುತ್ತದೆ ಎಂದು ಮನೆಯವರು ಕಾಯುತ್ತಾರೆ. ನಿಲ್ಲುವುದಿಲ್ಲ. ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ, ದೊಡ್ಡ ತಳಿಗಳಲ್ಲಿ ಎರಡು ವರ್ಷದವರೆಗೂ ನಾಯಿಗೆ ಹರೆಯ. ಆ ಅವಧಿಯಲ್ಲೂ ಕಡಿತ ಮುಂದುವರಿಯುತ್ತದೆ. ದವಡೆಗೆ ಬಲ ಬಂದಿರುವುದರಿಂದ ಹಾನಿಯೂ ಮೊದಲಿಗಿಂತ ಹೆಚ್ಚು.

ಕೋಲಾರ ಸೀಮೆಯ ತೋಟದ ಮನೆಗಳಲ್ಲಿ ಈ ಹಲ್ಲಿಗೆ ಸುಲಭವಾಗಿ ಸಿಗುವುದು ಡ್ರಿಪ್ ಪೈಪು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಇದು. ಕೋಲಾರ, ಮುಳಬಾಗಿಲಿನ ಟೊಮ್ಯಾಟೊ ಸಾಲುಗಳಿಗೆ ಕೊಳವೆಬಾವಿಯ ನೀರು ಹನಿಹನಿಯಾಗಿಯೇ ಹೋಗಬೇಕು. ಒಂದು ಪೈಪಿಗೆ ನಾಲ್ಕು ಕಡೆ ಹಲ್ಲು ನಾಟಿದರೆ ಅಲ್ಲಿ ನೀರು ಚಿಮ್ಮಿ ನಿಂತು, ಸಾಲಿನ ಕೊನೆಯ ಗಿಡಗಳು ಒಣಗುತ್ತವೆ. ಮಲ್ಚಿಂಗ್ ಶೀಟು, ಗೋಣಿಚೀಲ, ಟೊಮ್ಯಾಟೊ ಕ್ರೇಟು, ರೇಷ್ಮೆ ಮನೆಯ ಹೊರಗೆ ಒರಗಿಸಿಟ್ಟ ಬಿದಿರಿನ ಚಂದ್ರಿಕೆ, ಯಾವುದೂ ಉಳಿಯುವುದಿಲ್ಲ. ಮಾಲೂರಿನ ಹೊಸ ಬಡಾವಣೆಗಳಲ್ಲಾದರೆ ಚಪ್ಪಲಿ, ಕಾಲೊರಸು, ಬೈಕಿನ ಸೀಟು. ಇಷ್ಟಾದ ಮೇಲೆ ಎಷ್ಟೋ ನಾಯಿಗಳನ್ನು ದಿನವಿಡೀ ಸರಪಳಿಗೆ ಹಾಕುತ್ತಾರೆ, ಇಲ್ಲವೇ ಊರಾಚೆ ಬಿಟ್ಟು ಬರುತ್ತಾರೆ. ಕೆಲವು ತಿಂಗಳಲ್ಲಿ ತಹಬಂದಿಗೆ ತರಬಹುದಾದ ಒಂದು ನಡವಳಿಕೆಗೆ ಇದು ಬಹಳ ದೊಡ್ಡ ಶಿಕ್ಷೆ.

ಕಡಿಯುವುದು ನಾಯಿಯ ಹುಟ್ಟುಗುಣ. ಹರೆಯದಲ್ಲಿ ಅದಕ್ಕೆ ಇನ್ನೂ ಕೆಲವು ಕಾರಣ ಸೇರುತ್ತವೆ: ಮೈಯಲ್ಲಿ ಕಸುವು ತುಂಬಿರುತ್ತದೆ, ಮಾಡಲು ಕೆಲಸವಿರುವುದಿಲ್ಲ, ಸುತ್ತಲಿನ ಪ್ರತಿಯೊಂದನ್ನೂ ಬಾಯಿಂದಲೇ ಪರೀಕ್ಷಿಸುವ ಕುತೂಹಲ ಇರುತ್ತದೆ. ಬೆಳೆಯುವ ನಾಯಿಗೆ ಮುದ್ದೆ, ಅನ್ನ, ಉಳಿದ ಸಾರು ಮಾತ್ರ ಹಾಕುತ್ತಿದ್ದರೆ ಹಸಿವೂ ಒಂದು ಕಾರಣವಾದೀತು. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಮಾಂಸ ಸೇರಿದರೆ ಹೊಟ್ಟೆಗೆ ನಿಲ್ಲುತ್ತದೆ. ಈರುಳ್ಳಿ ಬಿದ್ದ ಸಾರು ಮಾತ್ರ ಬೇಡ, ಅದು ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ.

ಈ ವಯಸ್ಸಿನಲ್ಲಿ ಮಾತು ಕೇಳುವುದೂ ಕಡಿಮೆಯಾಗುತ್ತದೆ. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟು ತಿಂಗಳ ನಾಯಿಗಳು ಐದು ತಿಂಗಳಲ್ಲಿ ಪಾಲಿಸುತ್ತಿದ್ದ ಆಜ್ಞೆಯನ್ನೇ ಸಾಕಿದವರು ಹೇಳಿದಾಗ ಕೇಳದೆ, ಅಪರಿಚಿತರು ಹೇಳಿದಾಗ ಕೇಳಿದವು. ಹರೆಯ ದಾಟಿದ ಮೇಲೆ ಈ ಮೊಂಡುತನ ತಗ್ಗಿತು. ಮನೆಯವರ ಮೇಲಿನ ಹಗೆಯಿಂದ ನಾಯಿ ಹೀಗೆ ಮಾಡುತ್ತದೆ ಎಂಬ ಅನುಮಾನಕ್ಕೆ ಆಧಾರವಿಲ್ಲ.

ತಪ್ಪು ಮಾಡಿದೆ ಅಂತ ಅದಕ್ಕೇ ಗೊತ್ತು, ಮುಖ ನೋಡಿ ಎನ್ನುವ ಮಾತೂ ಪರೀಕ್ಷೆಯಲ್ಲಿ ನಿಂತಿಲ್ಲ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನು ಪರೀಕ್ಷಿಸಿದರು. ಕಿವಿ ಹಿಂದಕ್ಕೆ ಮಾಡಿ, ಕಣ್ಣು ತಪ್ಪಿಸಿ ಕೂರುವ ಆ ಮುಖ, ನಾಯಿ ತಪ್ಪು ಮಾಡಿದೆಯೋ ಇಲ್ಲವೋ ಎಂಬುದನ್ನು ಅವಲಂಬಿಸಿರಲಿಲ್ಲ; ಯಜಮಾನ ಗದರಿದಾಗ ಕಾಣಿಸುತ್ತಿತ್ತು. ತಪ್ಪೇ ಮಾಡದ ನಾಯಿ ಗದರಿಸಿಕೊಂಡಾಗಲೂ ಅದೇ ಮುಖ ಮಾಡಿತು. ಆದ್ದರಿಂದ ಬೆಳಿಗ್ಗೆ ಕಡಿದ ಚಪ್ಪಲಿಗೆ ಸಂಜೆ ಹೊಡೆದರೆ ನಾಯಿ ಕಲಿಯುವುದು ಒಂದನ್ನೇ: ಮನೆಗೆ ಬರುವ ಮನುಷ್ಯನಿಗೆ ಹೆದರಬೇಕು. ಹೆದರಿದ ನಾಯಿ ಇನ್ನಷ್ಟು ಕಡಿಯುತ್ತದೆ, ಮರೆಯಲ್ಲಿ ಕಡಿಯುತ್ತದೆ. ಕಡಿಯದಿರಲೆಂದು ವಸ್ತುಗಳಿಗೆ ಖಾರದ ಪುಡಿ ಸವರುವುದು ಕಣ್ಣು, ಮೂಗು ಉರಿಸುವ ಹಿಂಸೆ.

ಸರಪಳಿಯೂ ಪರಿಹಾರವಲ್ಲ. ಕಟ್ಟಿಹಾಕಿದ ನಾಯಿಗೆ ಓಟವಿಲ್ಲ, ಮೂಸಲು ಹೊಸ ವಾಸನೆಯಿಲ್ಲ, ಉಳಿಯುವುದು ಬಾಯಿಯೊಂದೇ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ, 1960ರ 11ನೇ ಕಲಮಿನ ಪ್ರಕಾರ, ಸದಾ ಕಟ್ಟಿಹಾಕಿದ ನಾಯಿಗೆ ಸಾಕಷ್ಟು ಅಡ್ಡಾಟ ಕೊಡದಿರುವುದು ಅಪರಾಧ.

ಮೊದಲು ಮಾಡಬೇಕಾದದ್ದು ಮನೆಯ ಅಚ್ಚುಕಟ್ಟು. ಚಪ್ಪಲಿ ಬಾಗಿಲಿನ ಕಪಾಟಿಗೆ, ಬಿಡಿ ಡ್ರಿಪ್ ಸುರುಳಿ ಶೆಡ್ಡಿನ ಮೊಳೆಗೆ, ಕ್ರೇಟು ಎತ್ತರಕ್ಕೆ ಹೋಗಬೇಕು. ಹೊಲದಲ್ಲಿ ಹಾಸಿದ ಪೈಪನ್ನು ಶೀಟಿನ ಅಡಿಗೆ ಸರಿಸುವುದು, ನಾಯಿಗೆ ಬೇರೆ ಬಾನಿಯಲ್ಲಿ ಸದಾ ನೀರಿಡುವುದು ಒಳ್ಳೆಯದು. ಬಾಯಾರಿದ ನಾಯಿ ಪೈಪಿನಲ್ಲಿ ನೀರಿದೆಯೆಂದು ಬೇಗ ಕಂಡುಕೊಳ್ಳುತ್ತದೆ. ಯಾರೂ ನೋಡಿಕೊಳ್ಳಲಾಗದ ಹೊತ್ತಿಗೆ ನೆರಳಿರುವ, ಬೇಲಿ ಹಾಕಿದ ಒಂದು ಜಾಗ ಬೇಕು.

ಆಮೇಲೆ, ಕಡಿಯಲು ಅದಕ್ಕೆಂದೇ ಏನಾದರೂ ಕೊಡಬೇಕು. ಇದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದರೂ ಫಲ ಕಡಿಮೆ. ಒಳಗೆ ಟೊಳ್ಳಿರುವ ಗಟ್ಟಿ ರಬ್ಬರ್ ಆಟಿಕೆ ಪೇಟೆಯಲ್ಲಿ ಸಿಗುತ್ತದೆ. ಅದಕ್ಕೆ ಮೊಸರು ಬೆರೆಸಿದ ಮುದ್ದೆ ತುಂಬಿ ಫ್ರಿಜ್ಜಿನಲ್ಲಿಟ್ಟು ಕೊಟ್ಟರೆ ನಾಯಿ ಬಹಳ ಹೊತ್ತು ಅದರಲ್ಲೇ ಮುಳುಗಿರುತ್ತದೆ. ತಣ್ಣಗಿನ ದಪ್ಪ ಕ್ಯಾರೆಟ್ ಆದೀತು. ಗಂಟು ಹಾಕಿದ ಹತ್ತಿ ಹಗ್ಗ ಮನೆಯವರ ಕಣ್ಣೆದುರಿಗೆ ಮಾತ್ರ, ಎಳೆ ಬಿಚ್ಚಿಕೊಂಡರೆ ಎಸೆಯಬೇಕು. ಹೆಬ್ಬೆರಳಿನ ಉಗುರು ಒತ್ತಿದರೂ ಗುರುತು ಬೀಳದಷ್ಟು ಗಟ್ಟಿಯಾದ ವಸ್ತು ಹಲ್ಲು ಮುರಿಯುತ್ತದೆ, ಹಾಗಾಗಿ ತೆಂಗಿನ ಚಿಪ್ಪು ಬೇಡ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಹಳೆಯ ಚಪ್ಪಲಿ ಆಟಕ್ಕೆ ಕೊಡುವುದು ದೊಡ್ಡ ತಪ್ಪು, ಹಳೆಯದಕ್ಕೂ ಹೊಸದಕ್ಕೂ ನಾಯಿಗೆ ವ್ಯತ್ಯಾಸ ತಿಳಿಯದು.

ಬೇಡದ ವಸ್ತು ಬಾಯಲ್ಲಿದ್ದಾಗ ಅಟ್ಟಿಸಿಕೊಂಡು ಓಡಿದರೆ ನಾಯಿಗೆ ಅದೇ ಆಟ. ಮೊಟ್ಟೆಯ ಚೂರು ತೋರಿಸಿ, ಬಾಯಿ ಬಿಟ್ಟಾಗ ಅದನ್ನು ಕೊಟ್ಟು, ಜೊತೆಗೆ ಅದರ ಆಟಿಕೆಯನ್ನೂ ಕೊಡಬೇಕು. ದಿನವೂ ಇದೇ ಕ್ರಮ ನಡೆದರೆ ಕೊಡು ಎಂದಾಗ ಬಿಡುವುದು ರೂಢಿಯಾಗುತ್ತದೆ. ಬೆಳಿಗ್ಗೆ ಸಂಜೆ ಬಿಸಿಲಿಲ್ಲದ ಹೊತ್ತಿನ ಸುತ್ತಾಟದಲ್ಲಿ ಅವಸರ ಮಾಡದೆ ಮೂಸಲು ಬಿಡಬೇಕು. ಊಟದ ಒಂದು ಪಾಲನ್ನು ಅಂಗಳದಲ್ಲಿ ಚೆಲ್ಲಿ ಹುಡುಕಿಸಿದರೆ ತಲೆಗೂ ಕೆಲಸ.

ಚಪ್ಪಲಿಯ ನಷ್ಟ ತುಂಬಿಕೊಳ್ಳಬಹುದು, ನುಂಗಿದ್ದು ಜೀವಕ್ಕೇ ಕುತ್ತು. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಬಂತೆಂದರೆ ಓಟೆ ಎಲ್ಲೆಂದರಲ್ಲಿ ಬಿದ್ದಿರುತ್ತದೆ. ಸಿಹಿಗೆ ಕಡಿಯುತ್ತ ನುಂಗಿದ ಓಟೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮತ್ತೆ ಮತ್ತೆ ವಾಂತಿ, ಊಟ ಬಿಡುವುದು, ಮಲ ನಿಲ್ಲುವುದು ಅದರ ಲಕ್ಷಣ. ಆಗ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುವುದು ಮೊದಲೇ ಗೊತ್ತಿತ್ತು. ಅದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬೇಕು ಎಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಸೂಚಿಸಿದರು. ಹುಣಸೆಯಲ್ಲೂ ಅದು ಹೇರಳ. ಬಿಸಿಲಿಗೆ ಹರಡಿದ ಹುಣಸೆಹಣ್ಣಿನ ಹತ್ತಿರ ನಾಯಿ ಸುಳಿಯಬಾರದು. ಇಲಿ ಪಾಷಾಣ, ಕೀಟನಾಶಕದ ಖಾಲಿ ಬಾಟಲಿ ಬೀಗದೊಳಗಿರಲಿ. ವಿಷ ತಿಂದಿತೆಂದು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು, ಉಪ್ಪೇ ವಿಷವಾಗುತ್ತದೆ. ಪೊಟ್ಟಣದ ಸಮೇತ ಪಶು ಆಸ್ಪತ್ರೆಗೆ ಒಯ್ಯಬೇಕು. ಮೋಟಾರಿನ ಕೇಬಲ್ ಕಚ್ಚಿದ ನಾಯಿಯನ್ನು ಮುಟ್ಟುವ ಮುನ್ನ ಕರೆಂಟ್ ತೆಗೆಯಬೇಕು. ಎದ್ದು ಓಡಾಡಿದರೂ ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬುವುದುಂಟು, ಆದ್ದರಿಂದ ವೈದ್ಯರಿಗೆ ತೋರಿಸಲೇಬೇಕು.

ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಪಾಳಿಯಲ್ಲಿ ಹೋಗುವವರ ಮನೆಗಳಲ್ಲಿ ನಾಯಿ ದೀರ್ಘಕಾಲ ಒಂಟಿಯಾಗಿರುತ್ತದೆ. ಕಡಿದ ಗುರುತು ಬಾಗಿಲು, ಕಿಟಕಿಯ ಚೌಕಟ್ಟಿನಲ್ಲೇ ಇದ್ದರೆ, ಮನೆಯವರು ಹೊರಟ ಕೂಡಲೇ ಊಳಿಟ್ಟರೆ, ಮನೆಯೊಳಗೇ ಉಚ್ಚೆ ಹೊಯ್ದರೆ ಅದು ಆಟವಲ್ಲ, ಒಂಟಿತನದ ಗಾಬರಿ. ಎರಡು ನಿಮಿಷ, ಐದು ನಿಮಿಷ ಹೊರಗಿದ್ದು ಬಂದು ಸ್ವಲ್ಪಸ್ವಲ್ಪವೇ ರೂಢಿ ಮಾಡಿಸಬೇಕು. ತೀವ್ರವಾಗಿದ್ದರೆ ಪಶುವೈದ್ಯರು ಔಷಧವನ್ನೂ ಕೊಡುತ್ತಾರೆ.

ಎರಡು ವರ್ಷ ದಾಟುವ ಹೊತ್ತಿಗೆ ಹೆಚ್ಚಿನ ನಾಯಿಗಳು ಶಾಂತವಾಗುತ್ತವೆ. ಸುಮ್ಮನಿದ್ದ ನಾಯಿ ದಿಢೀರನೆ ಕಲ್ಲು, ಮರ, ಮಣ್ಣು ಎನ್ನದೆ ಕಚ್ಚತೊಡಗಿ, ಜೊಲ್ಲು ಸುರಿಸಿ, ದನಿ ಬದಲಾಗಿ, ನೀರು ನುಂಗಲಾಗದಿದ್ದರೆ ಅದು ಹರೆಯದ ಕಡಿತವಲ್ಲ, ಹುಚ್ಚುನಾಯಿ ರೋಗದ ಶಂಕೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ಮರುಲಸಿಕೆ ಕೊಡಿಸುತ್ತಿದ್ದರೆ ಈ ಭಯ ಬಹುಪಾಲು ಇರದು. ಶಂಕೆ ಬಂದ ನಾಯಿಯ ಬಾಯಿಗೆ ಕೈ ಹಾಕದೆ ಪಶು ಆಸ್ಪತ್ರೆಗೆ ತಿಳಿಸಬೇಕು. ಕಚ್ಚಿದ, ಪರಚಿದ ಅಥವಾ ಜೊಲ್ಲು ತಗುಲಿದ ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಶುರುಮಾಡಬೇಕು.