ಎಡವೆಂದರೆ ಯಾರ ಎಡ?

ಎಕ್ಸ್-ರೇ ಚಿತ್ರವನ್ನು ಮನೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದು ನೋಡದವರು ವಿರಳ. ನಮ್ಮ ಭಾವನವರ ಎದೆಯ ಚಿತ್ರವನ್ನು ಹಾಗೆ ಹಿಡಿದಾಗ ಹೃದಯದ ನೆರಳು ಬಲಕ್ಕೆ ವಾಲಿದ್ದನ್ನು ಕಂಡು ಅಕ್ಕ ಗಾಬರಿಯಾದಳು. ಗಾಬರಿಗೆ ಕಾರಣವಿರಲಿಲ್ಲ. ರೋಗಿ ನಮಗೆ ಎದುರಾಗಿ ನಿಂತಂತೆ ಚಿತ್ರವನ್ನು ಹಿಡಿಯುವುದು ವಾಡಿಕೆ. ಆತನ ಎಡ ನಮ್ಮ ಬಲಕ್ಕೆ ಬರುತ್ತದೆ.

ವೈದ್ಯರ ಮಾತಿನಲ್ಲಿ ಎಡಬಲವೆಂದರೆ ಯಾವಾಗಲೂ ರೋಗಿಯದೇ. ನೆಟ್ಟಗೆ ನಿಂತು, ಅಂಗೈಗಳನ್ನು ಮುಂದಕ್ಕೆ ತಿರುಗಿಸಿದ ನಿಲುವೇ ಅದಕ್ಕೆ ಆಧಾರ. ಮಲಗಿದ್ದರೂ ತಲೆಯ ಕಡೆಯೇ 'ಮೇಲೆ'. ಈ ಕ್ರಮ ನಮಗೆ ಹೊಸತಲ್ಲ: ಮೂಡಲಿಗೆ ಮುಖಮಾಡಿ ನಿಂತವನ ಬಲಗಡೆಯೇ ಅಲ್ಲವೆ 'ದಕ್ಷಿಣ'?

ಇನ್ನು ಕಿರಣದ ಹಾದಿ. 'ಪಿ' ಎಂದರೆ ಹಿಂದು, 'ಎ' ಎಂದರೆ ಮುಂದು. ಕಿರಣ ಹೊಕ್ಕ ಕಡೆಯನ್ನು ಮೊದಲು ಹೇಳುತ್ತಾರೆ. ಬೆನ್ನಿನಿಂದ ಹೊಕ್ಕರೆ ಪಿ.ಎ., ಎದೆಯಿಂದ ಹೊಕ್ಕರೆ ಎ.ಪಿ. ದೀಪದ ಮುಂದೆ ಕೈ ಹಿಡಿದು ನೋಡಿ: ಗೋಡೆಯಿಂದ ದೂರ ಸರಿದಷ್ಟೂ ನೆರಳು ದೊಡ್ಡದು. ಹೃದಯವಿರುವುದು ಎದೆಯ ಮುಂಭಾಗಕ್ಕೆ. ಆದ್ದರಿಂದಲೇ ಎದೆಯನ್ನು ಫಲಕಕ್ಕೆ ಒತ್ತಿ ನಿಲ್ಲಿಸಿ, ಸುಮಾರು 6 ಅಡಿ ದೂರದಿಂದ ಪಿ.ಎ. ತೆಗೆಯುವುದು. ಏಳಲಾರದವರಿಗೆ ಹಾಸಿಗೆಯಲ್ಲೇ ಎ.ಪಿ. ತೆಗೆದರೆ ಹೃದಯ ಇರುವುದಕ್ಕಿಂತ ಹಿರಿದಾಗಿ ಕಾಣುತ್ತದೆ. ಭಾವನವರದು ಅಂಥ ಚಿತ್ರವೇ. ಹೃದಯ ಊದಿದೆಯೆಂದು ಯಾರೋ ಅಂದು, ಅಕ್ಕನ ನಿದ್ದೆಯನ್ನೂ ಕೆಡಿಸಿದ್ದರು!

ಮೂಲೆಯಲ್ಲಿ ಸೀಸದ ಗುರುತಿನಿಂದ ಮೂಡಿದ 'ಆರ್' ಇದ್ದರೆ ಬಲ, 'ಎಲ್' ಇದ್ದರೆ ಎಡ. ಮಂಡಿಯ ಚಿತ್ರದಲ್ಲಿ ಕಡೆಯನ್ನು ತಿಳಿಸಲು ಹೃದಯವಿಲ್ಲ. ಅಲ್ಲಿ ಆ ಅಕ್ಷರ ತಪ್ಪಿದರೆ ಶಸ್ತ್ರಕ್ರಿಯೆಗೆ ಒಳಗಾಗುವ ಕಾಲೇ ಬದಲಾದೀತು.